ತಮ್ಮನ ಕರಡಿಗೆ

ಫೋನು ಏಳು ಸಲ ರಿಂಗಾಯಿತಂತೆ. ನಾನು ಎತ್ತಲಿಲ್ಲ. ಭಾನುವಾರದ ಸಂಜೆ ಪೂಜೆಗೆ ಕುಳಿತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗವಿರುವಾಗ ನಾನು ಯಾವ ಕರೆಗೂ ಏಳುವವನಲ್ಲ. ಪೂಜೆ ಮುಗಿಸಿ ಎತ್ತಿದಾಗ ಆ ಕಡೆ ತಮ್ಮನ ಮಗಳು ಅದಿತಿ.

“ದೊಡ್ಡಪ್ಪ, ಡ್ಯಾಡ್ ಹೋಗಿಬಿಟ್ರು.”

ನನ್ನ ತಮ್ಮ ಶ್ರೀಶೈಲ ನಾನಿರುವ ಇಂಗ್ಲೆಂಡಿನಲ್ಲೇ, ಸ್ಟಾಕ್‌ಪೋರ್ಟಿನಲ್ಲಿ ಔಷಧದಂಗಡಿ ನಡೆಸುತ್ತಿದ್ದ. ಐದು ವರ್ಷದ ಹಿಂದೆ ಹೆಂಡತಿ ತೀರಿಕೊಂಡಿದ್ದಳು. ಭಾನುವಾರದ ಮಧ್ಯಾಹ್ನಗಳಲ್ಲಿ ಒಂದು ಪಬ್ಬಿನಲ್ಲಿ ಬ್ಲೂಸ್ ಸಂಗೀತದ ಬ್ಯಾಂಡಿನ ಜೊತೆ ಡ್ರಮ್ಮು ಬಾರಿಸುತ್ತಿದ್ದ. ಆ ದಿನ ಬಾರಿಸುತ್ತಲೇ ಕುಸಿದು, ಆಸ್ಪತ್ರೆಗೆ ಸೇರುವಷ್ಟರಲ್ಲಿ ಲಿಂಗೈಕ್ಯನಾಗಿದ್ದ. ಹನ್ನೊಂದು ವರ್ಷ ಅವನು ಅಲ್ಲಿ ಬಾರಿಸಿದ. ಹೆಂಡ ಮಾರುವ ಜಾಗವೆಂದು ನಾನು ಒಮ್ಮೆಯೂ ಹೋಗಿ ಕೇಳಲಿಲ್ಲ.

“ಬ್ಯಾಂಡಿನವ್ರಿಗೆ ಫ್ಯೂನರಲ್ ದಿನ ಹೇಳ್ಲಾ?” ಎಂದು ಅದಿತಿ ಮರುದಿನ ಕೇಳಿದಳು.

“ಬ್ಯಾಡವ್ವಾ. ಮಣ್ಣಿಗೆ ಆ ಮಂದಿ ಬ್ಯಾಡ.”

ಅವಳು ಅವರಿಗೆ ಹಾಗೇ ತಿಳಿಸಿದಳು.

ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಗಡಿಯಾರ, ಕನ್ನಡಕ, ಉಂಗುರ ಇದ್ದವು. ಕರಡಿಗೆ ಇರಲಿಲ್ಲ. ಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಆ ಬೆಳ್ಳಿಯ ಸಂಪುಟವನ್ನು ನಮ್ಮ ಅವ್ವ ಮಾಡಿಸಿಕೊಟ್ಟಿದ್ದಳು. ಒಳಗಿನ ಲಿಂಗವನ್ನು ಅವನ ಎಂಟನೆಯ ವಯಸ್ಸಿನಲ್ಲಿ ಗುರುಗಳು ಅಂಗೈಗೆ ಕೊಟ್ಟಿದ್ದರು. ನಮ್ಮಲ್ಲಿ ಲಿಂಗ ಮೈಬಿಟ್ಟಿರುವಂತಿಲ್ಲ. ಸತ್ತಾಗ ಅದನ್ನು ಎಡಗೈಯಲ್ಲಿಟ್ಟೇ ಮಣ್ಣು ಮಾಡಬೇಕು. ಬರಿಗೈಯಲ್ಲಿ ಅವನನ್ನು ಹೇಗೆ ಕಳಿಸಲಿ?

ಇಲ್ಲಿ ಮಣ್ಣಿನ ದಿನ ಸಿಗುವುದೇ ತಡ. ಮುಂದಿನ ವಾರದ ಬುಧವಾರ ಗೊತ್ತಾಯಿತು. ಅಲ್ಲಿಯವರೆಗೆ ನಾನು ಒಂದೆಡೆ ಕೂರಲಿಲ್ಲ. ಮತ್ತೆ ಮತ್ತೆ ಆಸ್ಪತ್ರೆಗೆ ಹೋದೆ. ಏನೂ ತಪ್ಪಿಲ್ಲದ ನರ್ಸಮ್ಮನ ಮೇಲೆ ದನಿ ಏರಿಸಿ, ಹೊರಗೆ ಬಂದು ನಾಚಿಕೊಂಡೆ. ಅವನ ಅಂಗಡಿಯ ಖಾನೆಗಳನ್ನೆಲ್ಲ ಎಳೆದು ನೋಡಿದೆ. ಬಸ್ಸು ಹತ್ತುವುದು, ಇಳಿಯುವುದು, ಏನೋ ನೆನಪಾಗಿ ಬಂದ ದಾರಿಗೆ ತಿರುಗುವುದು. ಉಂಡರೆ ಇಳಿಯದು, ಮಲಗಿದರೆ ಕಣ್ಣು ಮುಚ್ಚದು.

ಲೀಡ್ಸಿನಿಂದ ಸಿದ್ದರಾಮಪ್ಪನವರು ಫೋನು ಮಾಡಿದರು. ನಮ್ಮವರ ಮದುವೆ, ಮಣ್ಣುಗಳಲ್ಲಿ ಮಂತ್ರ ಹೇಳುವವರು ಅವರೇ.

“ಪಂಚಾಕ್ಷರಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪಬ್ಬಿನ್ಯಾಗ ಬಾರಸಾವ್ನ ಕೊಳ್ಳಾಗ ಲಿಂಗ ಎಷ್ಟು ದಿನ ನಿಂತೀತು? ನನ್ನ ಕಡೆ ಹೊಸಾದೊಂದು ಐತಿ. ತರ್ಲೇನು?”

“ನೀವು ಬರ್ರಿ ಸಾಕು. ಲಿಂಗ ನಾ ತರ್ತೀನಿ,” ಎಂದೆ. ಎಲ್ಲಿಂದ ತರುತ್ತೇನೆಂದು ನನಗೇ ತಿಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ತಮ್ಮನ ಕಪಾಟಿನ ಅಂಗಿಗಳನ್ನು ಕೊಡವುತ್ತಿದ್ದಾಗ ಅದಿತಿ ಬಾಗಿಲಲ್ಲಿ ನಿಂತಳು. ಅವನ ಮೈಮೇಲೆ ಲಿಂಗವಿರಲಿಲ್ಲವೆಂಬ ನಾಚಿಕೆಯಿಂದ ನಾನು ಅವಳಿಗೆ ಏನೂ ಹೇಳಿರಲಿಲ್ಲ.

“ಏನ್ ಹುಡುಕ್ತಿದೀರಾ?”

“ನಿಮ್ಮಪ್ಪನ ಲಿಂಗ.”

“ಅದು ಕ್ಲಾಡೆಟ್ ಹತ್ರ ಇರುತ್ತಲ್ಲ, ಸಂಡೇ ಆಗಿದ್ರೆ.” ಹಾಲು ಫ್ರಿಜ್ಜಿನಲ್ಲಿದೆ ಎನ್ನುವ ಹಾಗೆ ಹೇಳಿದಳು. “ಯಾಕೆ, ಅದು ಈಗ ಬೇಕಾ?”

ಕ್ಲಾಡೆಟ್ ಬ್ಯಾಂಡಿನ ಯಜಮಾನಿ. ಅವಳ ಅಜ್ಜ ಅಮೆರಿಕದ ಮಿಸಿಸಿಪ್ಪಿ ಗುಡ್ಡಗಾಡಿನ ಕರಿಯ ಸಿಪಾಯಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಾರಿಂಗ್ಟನ್ನಿನ ವಿಮಾನನೆಲೆಗೆ ಬಂದವನು ಇಲ್ಲೇ ನಿಂತು, ತನ್ನ ಸೀಮೆಯ ಕೊಳಲು ಮತ್ತು ಡ್ರಮ್ಮಿನ ಬ್ಲೂಸನ್ನು ಮನೆಯವರಿಗೆ ಕಲಿಸಿದ್ದ. ಆ ನೆಲೆಗೆ ಹತ್ತಿರದ ಬರ್ಚ್‌ವುಡ್ಡಿನಲ್ಲೇ ನಾನು ಇಪ್ಪತ್ತೆರಡು ವರ್ಷ ಎಂಜಿನಿಯರಾಗಿದ್ದೆ. ಆದರೂ ಆ ಅಜ್ಜನ ಕತೆ ಅದಿತಿ ಆ ದಿನ ದಾರಿಯಲ್ಲಿ ಹೇಳಿದ ಮೇಲೆಯೇ ನನಗೆ ತಿಳಿಯಿತು.

ಹಳೆಯ ಟೋಪಿ ಕಾರ್ಖಾನೆಯೊಂದರ ಮಹಡಿಯಲ್ಲಿ ಅವರು ಅಭ್ಯಾಸ ಮಾಡುತ್ತಿದ್ದರು. ನಾವು ಹೋದಾಗ ನಡುವೆ ನಿಲ್ಲಿಸಲಿಲ್ಲ. ಕ್ಲಾಡೆಟ್, ಅರವತ್ತರ ಹೆಂಗಸು, ಬಿದಿರಿನ ಕೊಳಲು ಊದುತ್ತಿದ್ದಳು. ಒಬ್ಬ ಕರೆಂಟಿನ ಗಿಟಾರು, ಇನ್ನೊಬ್ಬ ಸಣ್ಣ ಡ್ರಮ್ಮು. ಹಾಡು ಒಂದೇ ಸ್ವರವನ್ನು ಹಿಡಿದು ಅಲ್ಲೇ ಸುತ್ತುತ್ತಿತ್ತು. ಯಾರೂ ತಾಳದ ಮಾತ್ರೆ ಎಣಿಸುತ್ತಿರಲಿಲ್ಲ. ಅವಳು ಉಸಿರು ಎಳೆದುಕೊಂಡಲ್ಲಿ ಎಲ್ಲರೂ ತಿರುಗುತ್ತಿದ್ದರು. ಗೋಡೆಯ ಪಕ್ಕದಲ್ಲಿ ನಮ್ಮ ಡೊಳ್ಳಿನಷ್ಟು ದೊಡ್ಡ ಡ್ರಮ್ಮೊಂದು ಬಾರಿಸುವವನಿಲ್ಲದೆ ಇತ್ತು. ಅದರ ಪೆಟ್ಟು ಬೀಳಬೇಕಾದಲ್ಲೆಲ್ಲ ಒಂದು ಕ್ಷಣ ಸುಮ್ಮನಾಗಿ, ಮತ್ತೆ ಮುಂದುವರಿಯುತ್ತಿದ್ದರು. ಆ ಸಂಗೀತ ನನಗೆ ಹಿಡಿಸಿತೆಂದು ಸುಳ್ಳು ಹೇಳಲಾರೆ. ಆ ಖಾಲಿ ಜಾಗ ಬಂದಾಗಲೆಲ್ಲ ಮಾತ್ರ ನನ್ನ ಕಣ್ಣು ಆ ಡ್ರಮ್ಮಿಗೆ ಹೋಗುತ್ತಿತ್ತು.

ಮುಗಿದ ಮೇಲೆ ಅವಳು ನನ್ನೆದುರು ಬಂದಳು. “ನೀವೇ ಅಲ್ಲವಾ ಅಣ್ಣ?” ಇಂಗ್ಲಿಷಿನ ನಡುವೆ ಆ ಒಂದು ಶಬ್ದವನ್ನು ತಮ್ಮ ಹೇಳುವ ಹಾಗೆಯೇ ಹೇಳಿದಳು. ಕೊರಳಿನಿಂದ ದಾರ ಎಳೆದಳು. ಕರಡಿಗೆ ಹೊರಬಂತು.

“ದೊಡ್ಡ ಡ್ರಮ್ಮು ಕೊರಳಿಗೆ ಹಾಕಿಕೊಂಡರೆ ಅಂಚು ಇದಕ್ಕೆ ಬಡಿಯುತ್ತಿತ್ತು. ದೇವರಿಗೆ ಏಟು ಬೀಳಬಾರದು ಅಂತ ನನಗೆ ಕೊಡ್ತಿದ್ದ. ನೆಲದ ಮೇಲೆ ಇಡಬಾರದು, ಚೀಲಕ್ಕೆ ಹಾಕಬಾರದು, ಮೈಮೇಲೇ ಇರಬೇಕು ಅನ್ನುತ್ತಿದ್ದ. ಎಂಟು ದಿನ ಆಯಿತು. ಎಲ್ಲಿ ಇಡಲಿ ಹೇಳಿ? ಮಲಗುವಾಗಲೂ ತೆಗೆದಿಲ್ಲ. ಮಗ್ಗುಲಾದರೆ ಪಕ್ಕೆಗೆ ಒತ್ತುತ್ತದೆ.”

“ತಂದು ಕೊಡಬೇಕಾಗಿತ್ತು.”

“ಬರಬೇಡಿ ಅಂದಿರಂತಲ್ಲ.” ಸಿಟ್ಟಿಲ್ಲದೆ ಹೇಳಿದಳು. “ಬುಧವಾರ ಸ್ಮಶಾನದ ಗೇಟಿನಲ್ಲಾದರೂ ನಿಂತು ಕೊಡೋಣ ಅಂತಿದ್ದೆ.”

ಅವನು ಲಿಂಗವನ್ನು ಮೈಯಿಂದ ಅಗಲಿಸಲಿಲ್ಲ. ಆದರೆ ಮೈ ಬೇರೆಯವರದು. ನಿಯಮ ಕಾಪಾಡುತ್ತಲೇ ನಿಯಮ ಮುರಿದಿದ್ದ, ಹುಚ್ಚಪ್ಪ. ಅವಳು ದಾರ ಬಿಚ್ಚತೊಡಗಿದಳು. ನಾನು ಕೈ ಚಾಚಿದೆ, ಮತ್ತೆ ಹಿಂದೆಗೆದೆ. ನನ್ನ ಎದೆಯ ಮೇಲೆ ನನ್ನದೇ ಲಿಂಗವಿದೆ. ಒಂದು ಮೈಗೆ ಎರಡು ಕಟ್ಟುವಂತಿಲ್ಲ. ಅದಿತಿಗೆ ದೀಕ್ಷೆಯಾದಾಗ ಕಟ್ಟಿದ್ದು ಅವಳ ಕೊರಳಲ್ಲಿತ್ತು. ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಲೇ?

“ಬಿಚ್ಚಬೇಡಿ,” ಎಂದೆ. “ಬುಧವಾರದವರೆಗೆ ನೀವೇ ಹೊರಬೇಕು. ಎಲ್ಲರೂ ಬನ್ನಿ.”

ಬುಧವಾರ ಗಾಳಿ ಜೋರಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಆ ಸ್ಮಶಾನದಲ್ಲಿ ಒಪ್ಪಿಗೆ ಸಿಗಲಿಲ್ಲ. ಮಲಗಿಸಿದ್ದೆವು. ಹಣೆಗೆ ವಿಭೂತಿ ಹಚ್ಚಿದೆ. ಕ್ಲಾಡೆಟ್ ಕರಡಿಗೆ ತೆರೆದು ನನ್ನ ಮುಖ ನೋಡಿದಳು.

“ನಾನು ಇಡಬಹುದಾ?”

“ಇಡುವಂತಿಲ್ಲ,” ಎಂದೆ. “ಇಡಿ.”

ಸಿದ್ದರಾಮಪ್ಪನವರು ನನ್ನ ತೋಳು ಹಿಡಿದರು. “ಇದೇನ್ರಿ ಇದು, ಪಂಚಾಕ್ಷರಿ?”

“ಹತ್ತು ದಿನ ನೆಲಕ್ಕ ಇಟ್ಟಿಲ್ರಿ ಆಕಿ. ನಾವು ಇದ್ರೂ ಇಷ್ಟೇ ಮಾಡ್ತಿದ್ವಿ.”

ಅವರು ತೋಳು ಬಿಟ್ಟು ಮಂತ್ರ ಶುರುಮಾಡಿದರು. ಅವಳು ಲಿಂಗವನ್ನು ತಮ್ಮನ ಎಡ ಅಂಗೈಯಲ್ಲಿಟ್ಟಳು. ನಾನು ಅವನ ಬೆರಳುಗಳನ್ನು ಮಡಚಲು ನೋಡಿದೆ. ಅವು ಮಡಚಿಕೊಳ್ಳಲಿಲ್ಲ. ಮೇಲೆ ಒಂದು ಬಿಲ್ವಪತ್ರೆ ಇಟ್ಟೆ. ಮಣ್ಣು ಹಾಕುವಾಗ ಬ್ಯಾಂಡಿನವರು ದೂರ ನಿಂತು ಬಾರಿಸಿದರು. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ಶಿವನೇ, ನನ್ನ ತಮ್ಮ ಶ್ರೀಶೈಲ ನಿನ್ನ ಕಡೆ ಬರುತ್ತಿದ್ದಾನೆ. ಕೂರಿಸಿ ಕಳಿಸಬೇಕಾಗಿತ್ತು, ಮಲಗಿಸಿ ಕಳಿಸಿದ್ದೇವೆ, ಮನ್ನಿಸು. ಅವನ ಲಿಂಗ ಪರರ ಮೈಮೇಲೆ ಇದ್ದುದಕ್ಕೆ ಅವನನ್ನು ಕೇಳಬೇಡ; ಬಾಗಿಲು ಮುಚ್ಚಿಕೊಂಡು ಕುಳಿತ ನನ್ನನ್ನು ಕೇಳು. ಹೊತ್ತು ತಂದ ಆ ತಾಯಿಯನ್ನು ಕಾಪಾಡು. ಅವನ ಜೀವ ನಿನ್ನಲ್ಲಿ ತಣ್ಣಗಿರಲಿ. ಓಂ ನಮಃ ಶಿವಾಯ.