ಮೊದಲ ಸವಾರಿ

ಬಡಗಿ ತಾತನ ಮನೆಯಲ್ಲಿ ಬೆಳಗಿನಿಂದಲೇ ಸಡಗರ. ಹದಿನಾರರ ಮೊಮ್ಮಗಳು ಶಾಲೆ ಮುಗಿಸಿದ್ದಳು. ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಶಾಲೆ ಮುಗಿಸಿದ ಹುಡುಗನ ಕೈಗೆ ಮನೆಯ ಹಿರಿಯರು ಬೈಕಿನ ಕೀ ಕೊಡಬೇಕು. ಅವನು ಇಬ್ಬರು ಗೆಳೆಯರನ್ನು ಹಿಂದೆ ಕೂರಿಸಿಕೊಂಡು ಬರಿತಲೆಯಲ್ಲಿ ಹೆದ್ದಾರಿಯವರೆಗೆ ಹೋಗಿ ಬರಬೇಕು. ಹೆಲ್ಮೆಟ್ ಹಾಕಿದರೆ ಮುಖ ಕಾಣುವುದಿಲ್ಲವಂತೆ! ಮುಖ ಕಂಡು ಆಗಬೇಕಾದದ್ದೇನು ಎಂದು ಯಾರೂ ಕೇಳಿರಲಿಲ್ಲ.

“ನಮ್ಮನೇಲಿ ಗಂಡು ಹೆಣ್ಣು ಅನ್ನೋ ಭೇದ ಇಲ್ಲ. ಇವಳಿಗೂ ಕೀ ಕೊಡ್ತೀನಿ,” ಎಂದು ತಾತ ಬಾಗಿಲಲ್ಲಿ ನೆರೆದವರಿಗೆ ಹೇಳಿ ಹಿಗ್ಗುತ್ತಿದ್ದರು.

ಒಳಗೆ ಅವರ ಸೊಸೆ, ಹುಡುಗಿಯ ಅಮ್ಮ, ಯಾವ ಕೆಲಸಕ್ಕೂ ಕೈ ಹಾಕಲಾರದೆ ಓಡಾಡುತ್ತಿದ್ದಳು. ಹೋದ ವರ್ಷ ಇದೇ ಕೀ ಹಿಡಿದು ಹೋದ ಅವಳ ದೊಡ್ಡ ಮಗ ತಿರುವಿನಲ್ಲಿ ಲಾರಿಗೆ ತಾಗಿ ಬಿದ್ದ. ತಲೆ ಕಲ್ಲಿಗೆ ಬಡಿಯಿತು. ಈಗ ಕಿಟಕಿ ಪಕ್ಕದ ಕುರ್ಚಿಯೇ ಅವನ ಲೋಕ. ಮಾತಿಲ್ಲ, ತುತ್ತನ್ನೂ ಯಾರಾದರೂ ಬಾಯಿಗಿಡಬೇಕು. ಅಂದಿನಿಂದ ಬೀದಿಯಲ್ಲಿ ಬೈಕಿನ ಸದ್ದಾದರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಾಳೆ.

“ಮಾವ, ಒಬ್ಬನ್ನ ನೋಡಿದ್ದು ಸಾಲ್ದಾ?”

“ಅದು ಅವನ ಹಣೆಬರಹ ಕಣಮ್ಮ. ಎಡವಿ ಬಿದ್ದೋರು ನಡೆಯೋದನ್ನೇ ಬಿಡ್ತಾರಾ?”

ಹಣೆಬರಹವಂತೆ! ಕೀ ಕೊಟ್ಟ ಕೈ ಯಾರದು ಎಂಬ ಮಾತೇ ಇಲ್ಲ. ತಾತನ ಮಗ, ಎಂದರೆ ಮಕ್ಕಳ ಅಪ್ಪ, ತಲೆ ತಗ್ಗಿಸಿ ಹಲಗೆ ಕೀಸುತ್ತಿದ್ದ. ಅವನು ತಂದೆಗೆ ಎದುರಾಡಿದವನಲ್ಲ.

ಹುಡುಗಿ ಮುಂದೆ ಬಂದಳು. “ತಾತ, ಅಪ್ಪನ ಕೈಗೆ ಉಳಿ ಕೊಡೋಕೆ ಎರಡು ವರ್ಷ ಕಾಯಿಸಿದ್ರಂತೆ?”

“ಮತ್ತೆ? ಉಳಿ ಅಂದ್ರೆ ಹುಡುಗಾಟನಾ? ಬೆರಳು ಹೋಗುತ್ತೆ.”

“ಬೆರಳಿಗೆ ಎರಡು ವರ್ಷ. ತಲೆಗೆ ಒಂದು ದಿನವೂ ಬೇಡ್ವಾ? ಅಣ್ಣಂಗೆ ಬ್ರೇಕ್ ಹಿಡಿಯೋದನ್ನ ಯಾರು ಹೇಳಿಕೊಟ್ರು?”

“ಎಲ್ಲರೂ ಕಾಯ್ತಿದ್ದಾರೆ, ಮಾನ ಕಳೀಬೇಡ. ಹಿಡಿ ಕೀ,” ಎಂದು ತಾತ ಸಿಡುಕಿದರು.

“ಕೀ ಆಮೇಲೆ. ಮೊದಲು ಅಣ್ಣಂಗೆ ನೀವು ಊಟ ಮಾಡಿಸಿ.”

ದಿನವೂ ಮೊಮ್ಮಗನ ಊಟದ ಹೊತ್ತಿಗೆ ಸರಿಯಾಗಿ ತಾತನಿಗೆ ಹೊರಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಇವತ್ತು ಬಾಗಿಲ ತುಂಬ ಜನ, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮೊದಲ ತುತ್ತು ಹುಡುಗನ ಗಲ್ಲದ ಮೇಲೆ ಇಳಿಯಿತು. ಒರೆಸಿದರು. ಎರಡನೆಯದಕ್ಕೆ ಅವನು ಬಾಯಿ ತೆರೆಯಲಿಲ್ಲ. ಕಣ್ಣು ತಾತನ ಎಡಗೈಯಲ್ಲಿದ್ದ ಕೀ ಮೇಲಿತ್ತು. ಮುಖ ಅರಳಿತು. ಕೊಡಿ ಎನ್ನುವಂತೆ ಕೈ ಮುಂದೆ ಬಂತು.

ತಾತ ಮುಷ್ಟಿ ಬಿಗಿದರು. “ಬೇಡ ಕಂದ, ಬೇಡ. ಅವತ್ತೇ ಹೀಗನ್ನಬೇಕಿತ್ತು ನಾನು,” ಎಂದವರಿಗೆ ಅಳು ತಡೆಯಲಾಗಲಿಲ್ಲ.

ಹೊರಗೆ ಯಾರೋ ಹಾರ್ನ್ ಹೊಡೆದರು. ತಾತ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದರು.

“ಸವಾರಿ ಇಲ್ಲ. ಹದಿನೆಂಟು ತುಂಬಲಿ, ಸರಿಯಾಗಿ ಕಲೀಲಿ, ಲೈಸೆನ್ಸ್ ಬರಲಿ. ಆಮೇಲೂ ಹೆಲ್ಮೆಟ್ ಇಲ್ದೆ ಈ ಹೊಸ್ತಿಲು ದಾಟೋ ಹಾಗಿಲ್ಲ.”

“ಏನ್ ಮೇಸ್ತ್ರಿ, ಹೆದರಿಬಿಟ್ರಾ?” ಪಕ್ಕದ ಮನೆಯ ಟೈಲರ್ ನಕ್ಕ. ಮುಂದಿನ ಸರದಿ ಅವನ ಮಗನದು.

“ಹೂಂ ಕಣಯ್ಯ, ಹೆದರಿದೀನಿ. ಒಳಗೆ ಬಾ. ತಟ್ಟೇಲಿ ಇನ್ನೂ ಊಟ ಉಳಿದಿದೆ, ನೀನು ತಿನ್ನಿಸು.”

ಟೈಲರ್ ಪಕ್ಕದಲ್ಲೇ ನಿಂತಿದ್ದ ಮಗನ ಕಡೆ ತಿರುಗಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು, ಮಗನ ರಟ್ಟೆ ಹಿಡಿದುಕೊಂಡು ಒಳಗೆ ಬಂದ.