ತೂಕಡಿಸಿದ ಕಾವಲುಗಾರನ ಹಾಳೆ

ಯೆಕುತಿಯೇಲನಿಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಇಷ್ಟೇ, ಯಾರೂ ತನ್ನನ್ನು ಹೊಗಳಬಾರದು. ಆದರೆ ಹೊಗಳುವುದಕ್ಕೆಂದೇ ರಬ್ಬಿ ಬೆತ್ಸಲೇಲ್ ಎರಡು ದಿನದಿಂದ ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನ ಒಂದು ಸಂಪುಟದ ಕೊನೆಯ ಎಂಟು ಸಾಲುಗಳನ್ನು ಓದದೆ ಉಳಿಸಿಕೊಂಡಿದ್ದರು.

ಪಸ್ಕ ಹಬ್ಬದ ಹಿಂದಿನ ದಿನ ಚೊಚ್ಚಲ ಗಂಡುಮಕ್ಕಳಿಗೆ ಉಪವಾಸ. ಅಂದು ಯಾರಾದರೂ ಒಂದು ಸಂಪುಟ ಓದಿ ಮುಗಿಸುವುದನ್ನು ಕಿವಿಯಾರೆ ಕೇಳಿದವರು ಮಾತ್ರ ಆ ಸಂತೋಷಕ್ಕೆ ಕೂತು ತಿನ್ನಬಹುದು. ಹಾಗಾಗಿ ವರ್ಷವಿಡೀ ಪ್ರಾರ್ಥನಾ ಮಂದಿರದಲ್ಲಿ ಹತ್ತು ಜನ ಆಕಳಿಸುತ್ತಾ ಕೂರುವ ಬೆಳಗಿನ ಪಾಠಕ್ಕೆ, ಜೆರುಸಲೇಮಿನ ಆ ಓಣಿಯ ಮೂವತ್ತು ಜನ ಚೊಚ್ಚಲರು ಹಸಿದ ಮುಖ ಹೊತ್ತು ಬಂದಿದ್ದರು. ಮೇಜಿನ ಮೇಲೆ ಜೇನಿನ ಕೇಕು ಕಾಯುತ್ತಿತ್ತು. ಹತ್ತು ಗಂಟೆಯೊಳಗೆ ತಿಂದರೆ ತಿಂದಂತೆ. ಆಮೇಲೆ ಹಬ್ಬ ಮುಗಿಯುವವರೆಗೆ ಹಿಟ್ಟು ಉಬ್ಬಿಸಿದ್ದು ಯಾವುದನ್ನೂ ಮುಟ್ಟುವ ಹಾಗಿಲ್ಲ.

"ನನಗೊಂದು ತುಂಡು ತರೋದನ್ನ ಮರೀಬೇಡಿ," ಎಂದಿದ್ದಳು ಹೆಂಡತಿ ಹೆಫ್ಜಿಬಾ, ಹಾಸಿಗೆಯಿಂದಲೇ. "ಮನೇಲಿ ಒಂದು ಚೂರು ಬ್ರೆಡ್ಡೂ ಬಿಡದ ಹಾಗೆ ಗುಡಿಸಿ ಒರೆಸಿದ್ದೀರಿ. ನಾನೇನು ಸೋಫಾ ನೆಕ್ಲಾ?"

ಸೊಂಟದ ಮೂಳೆ ಮುರಿದು ಅವಳು ಮಲಗಿ ತಿಂಗಳಾಗಿತ್ತು. ಗುಡಿಸಿ ಒರೆಸಿದ್ದೆಲ್ಲ ಅವನೇ. ಬಸ್ಸು ಓಡಿಸುವುದು, ಅಡುಗೆ, ಅವಳಿಗೆ ಸ್ನಾನ, ಅದರ ನಡುವೆ ಪಾಠದಲ್ಲಿ ದಿನಕ್ಕೊಂದು ಹಾಳೆ ಓದು. ಆಸ್ಪತ್ರೆಯ ಕುರ್ಚಿಯಿಂದ ನೇರ ಪಾಠಕ್ಕೆ ಬಂದ ಒಂದು ಬೆಳಿಗ್ಗೆ ಅವನು ಬೆರಳನ್ನು ಮೊದಲ ಸಾಲಿನ ಮೇಲಿಟ್ಟು, ಕೂತಂತೆಯೇ ನಿದ್ದೆಹೋಗಿದ್ದ. ಎಚ್ಚರವಾದದ್ದು ರಬ್ಬಿಗಳ ಕಡೆಯ ಪ್ರಶ್ನೆಗೆ. ಪ್ರತಿದಿನ ಪಾಠ ಮುಗಿದ ಮೇಲೆ ಅವರು ಕೇಳುವುದು ಅದೊಂದನ್ನೇ: "ಇವತ್ತಿನ ಹಾಳೆಯಿಂದ ಮನೆಗೆ ಏನು ಒಯ್ತೀರಿ?"

"ತಾಳ್ಮೆ," ಎಂದಿದ್ದ ಯೆಕುತಿಯೇಲ್.

ತಾಳ್ಮೆ ಯಾವ ಹಾಳೆಗೂ ಹೊಂದುತ್ತದೆ. ಎಲ್ಲರೂ ತಲೆಯಾಡಿಸಿದ್ದರು. ರಬ್ಬಿಗಳಂತೂ ಕಣ್ಣು ಮುಚ್ಚಿ "ಆಹಾ" ಎಂದಿದ್ದರು. ಸಂಜೆ ಓದಿಕೊಂಡರಾಯಿತು ಅಂದುಕೊಂಡ. ಸಂಜೆ ಬಂತು, ಮೈ ಕೇಳಲಿಲ್ಲ. ಮರುದಿನಕ್ಕೆ ಮರುದಿನದ ಹಾಳೆ ಸಿದ್ಧವಾಗಿತ್ತು. ಈ ಓದು ಹಿಂದೆ ಬಿದ್ದವನಿಗಾಗಿ ನಿಲ್ಲುವುದಿಲ್ಲ, ಅವನ ಬಸ್ಸಿನ ಹಾಗೆಯೇ.

"ಏಳು ವರ್ಷ!" ರಬ್ಬಿ ಬೆತ್ಸಲೇಲ್ ಎದ್ದು ನಿಂತರು. "ಹೆಂಡತಿ ಆಸ್ಪತ್ರೇಲಿದ್ದಾಗಲೂ ಈ ಮನುಷ್ಯ ಒಂದು ಹಾಳೆ ಬಿಟ್ಟವನಲ್ಲ. ಇವತ್ತು ಮುಗಿಸೋ ಗೌರವ ಅವನದ್ದೇ. ಬಾರಯ್ಯ."

ಮೂವತ್ತು ಜನ ಅವನತ್ತ ತಿರುಗಿದರು. ಎಂಟು ಸಾಲು ಓದಿ, ಪದ್ಧತಿಯಂತೆ ಸಂಪುಟಕ್ಕೆ 'ಮತ್ತೆ ನಿನ್ನ ಬಳಿಗೆ ಬರುತ್ತೇವೆ' ಎಂದುಬಿಟ್ಟರೆ ಆಯಿತು. ಕೇಕು, ನಗು, ಮನೆ. ಹೋಗದೇ ಇದ್ದ ಹಾಳೆಗೆ 'ಮತ್ತೆ ಬರುತ್ತೇನೆ' ಅನ್ನುವುದು ಹೇಗೆ? ಸುಳ್ಳು ಹೇಳುವುದಕ್ಕೂ ಒಂದಿಷ್ಟು ಕಸುವು ಬೇಕು. ಅದೂ ಅವನಲ್ಲಿ ಉಳಿದಿರಲಿಲ್ಲ.

"ರಬ್ಬಿಗಳೇ, ಒಂದು ಬಿಟ್ಟಿದ್ದೀನಿ," ಎಂದ. "ತೊಂಬತ್ತಮೂರನೇದು. ಇಲ್ಲೇ ಕೂತು ನಿದ್ದೆ ಮಾಡಿದೆ."

ಯಾರೋ ಗಂಟಲು ಸರಿಮಾಡಿಕೊಂಡರು. ರಬ್ಬಿಗಳ ಗಡ್ಡ ಮೇಲೆ ಹೋಗಿ ಕೆಳಗೆ ಬಂತು. "ತಾಳ್ಮೆ ಅಂದಿದ್ಯಲ್ಲಯ್ಯಾ!"

"ಬಾಯಿಗೆ ಬಂದದ್ದು ಅಂದೆ."

"ನಾನಿದನ್ನ ನನ್ನ ಮಗಳ ಮನೇಲಿ ಬೇರೆ ಹೇಳ್ದೆ," ಎಂದು ರಬ್ಬಿಗಳು ಗೊಣಗಿದರು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡು. ನಾನೇ ಓದಿ ಮುಗಿಸ್ತೀನಿ. ಇವರ ಹೊಟ್ಟೆ ಯಾಕೆ ಒಣಗಿಸೋದು?"

ಯೆಕುತಿಯೇಲ್ ಪುಸ್ತಕವನ್ನು ಅವರ ಕಡೆಗೆ ಸರಿಸಿದ. ಕಿವಿ ಬಿಸಿಯಾಗಿತ್ತು. ಆದರೆ ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಏಳು ವರ್ಷ ಕೂತ ಜೆಬುಲೂನ್, ನಿವೃತ್ತ ಅಂಚೆಯವನು, ಕೈ ಅಡ್ಡ ಇಟ್ಟ.

"ನಂಗೆ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?"

"ನಿನ್ನ ಗೊರಕೆ ನನ್ನ ಕಿವಿಗೇ ಬೀಳ್ತಿತ್ತು ಮಾರಾಯ. ಪಾಪ, ಆಸ್ಪತ್ರೆಯಿಂದ ಬಂದಿದ್ದಾನೆ, ಮಲಗ್ಲಿ ಅಂತ ಸುಮ್ಮನಿದ್ದೆ. ಆಮೇಲಾದ್ರೂ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಎಬ್ಬಿಸ್ಬಾರ್ದಿತ್ತಾ!" ತಿಂಗಳಿಡೀ ತನ್ನ ಮೇಲೆಯೇ ಇದ್ದ ಯೆಕುತಿಯೇಲನ ಸಿಟ್ಟು ಒಮ್ಮೆಲೇ ಜೆಬುಲೂನನ ಮೇಲೆ ತಿರುಗಿತು.

"ಅದೇ ನಾನೂ ಹೇಳ್ತಿರೋದು. ಅರ್ಧ ತಪ್ಪು ನಂದು. ಇವನು ಆ ಹಾಳೆ ಓದೋವರೆಗೆ ನಾನಂತೂ ತಿನ್ನಲ್ಲ. ನಿಮಗೆ ಬೇಕಿದ್ರೆ ತಿನ್ರಪ್ಪ."

"ಇವನು ಹಿಂಗಂದ ಮೇಲೆ ಯಾರ ಗಂಟಲಲ್ಲಿ ಇಳಿಯತ್ತೆ?" ಹಿಂದಿನಿಂದ ರೊಟ್ಟಿ ಅಂಗಡಿಯ ಗಮ್ಲಿಯೇಲ್ ಕೂಗಿದ. ರಾತ್ರಿಯಿಡೀ ಹಬ್ಬದ ಮುಂಚಿನ ಕೊನೆಯ ಬ್ರೆಡ್ಡು ಬೇಯಿಸಿ, ಹಿಟ್ಟು ಮೆತ್ತಿದ ಹುಬ್ಬಿನಲ್ಲೇ ಬಂದಿದ್ದ. "ಇನ್ನೂ ಏಳು ಗಂಟೆ. ಓದಿ, ಓದಿ. ಆದ್ರೆ ಬೇಗ, ನಿಂತ್ಕೊಳ್ಳೋಕಾಗಲ್ಲ ನಂಗೆ."

ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಕೂತರು. ರಬ್ಬಿಗಳು ತೊಂಬತ್ತಮೂರನ್ನು ಬಿಡಿಸಿ, ಕಣ್ಣಾಡಿಸಿ, ಥಟ್ಟನೆ ನಕ್ಕುಬಿಟ್ಟರು.

"ನೀನು ನಿದ್ದೆ ಮಾಡಿದ್ದು ಎಲ್ಲಿ ಅಂತ ಗೊತ್ತೇನಯ್ಯ? ಕೇಳು. ಕೂಲಿಗೆ ಕುರಿ ಕಾಯೋ ಒಬ್ಬ. ಜನ ಊರೊಳಗೆ ಹೋಗೋ ಹೊತ್ತಿಗೆ ಹೋದ, ಜನ ತೂಕಡಿಸೋ ಹೊತ್ತಿಗೆ ಒಂಚೂರು ತೂಕಡಿಸಿದ. ಅಷ್ಟರಲ್ಲಿ ಕುರಿ ಹೋಯ್ತು. ತಪ್ಪು ಇವನದ್ದಾ?"

ಮಂದಿರ ಪೂರ್ತಿ ನಕ್ಕಿತು. ಯೆಕುತಿಯೇಲನೂ ನಕ್ಕ, ಕಣ್ಣು ಮಾತ್ರ ಉರಿಯುತ್ತಿತ್ತು.

ಅವನು ಒಂದೊಂದೇ ಸಾಲು ಓದಿದ. ಎಲ್ಲರೂ ಮಾಡುವಷ್ಟು ಮಾಡಿದ್ದಾನೆ, ಅವನ ಮೇಲೆ ಹೊರೆಯಿಲ್ಲ ಎಂದು ಅದರಲ್ಲಿ ಒಬ್ಬ ಪಂಡಿತ. ಎಲ್ಲರಿಗಿಂತ ಹೆಚ್ಚು ಕಾಯಲಿ ಎಂದೇ ತಾನೆ ಕೂಲಿ ಕೊಟ್ಟದ್ದು ಎಂದು ಇನ್ನೊಬ್ಬರು. ಹಸಿದ ಚೊಚ್ಚಲರು ಎರಡು ಪಂಗಡವಾದರು. ಕುರಿಗಾಹಿಗೂ ಹೆಂಡತಿ ಇರಲಿಲ್ಲವೇ, ಅವಳಿಗೂ ಮೈ ಸರಿಯಿಲ್ಲದಿದ್ದರೆ ಎಂದು ಒಬ್ಬ ಕೇಳಿದ. ಹಾಗಾದರೆ ಪಕ್ಕದವನನ್ನು ಕರೆಯಬೇಕಿತ್ತು ಎಂದ ಮತ್ತೊಬ್ಬ. ಜೆಬುಲೂನ್ ಸಾಲು ತಪ್ಪದಂತೆ ಯೆಕುತಿಯೇಲನ ಹಾಳೆಯ ಮೇಲೆ ತನ್ನ ಬೆರಳನ್ನೂ ಇಟ್ಟುಕೊಂಡಿದ್ದ.

ಹಾಳೆ ಮುಗಿಯಿತು. ರಬ್ಬಿಗಳು ಅಭ್ಯಾಸದಂತೆ ಕೇಳಿದರು: "ಮನೆಗೆ ಏನು ಒಯ್ತೀ?"

ಯೆಕುತಿಯೇಲ್ ಯೋಚಿಸಿದ. ದೊಡ್ಡ ಮಾತೊಂದೂ ಹತ್ತಿರ ಸುಳಿಯಲಿಲ್ಲ.

"ಒಂದು ತುಂಡು ಕೇಕು, ರಬ್ಬಿಗಳೇ. ಹೆಫ್ಜಿಬಾ ಕಾಯ್ತಿದ್ದಾಳೆ."

"ಇದು ನಿಜ," ಎಂದರು ರಬ್ಬಿಗಳು. "ಸರಿ, ಎಂಟು ಸಾಲು."

ಯೆಕುತಿಯೇಲ್ ಎದ್ದು ಪುಸ್ತಕವನ್ನು ಕೊನೆಯ ಹಾಳೆಗೆ ಮಗುಚಿದ. ಓದಲು ಬಾಯಿ ತೆರೆದವನು ತಲೆಯೆತ್ತಿ ನೋಡಿದ. ಗೋಡೆಗೊರಗಿ ಗಮ್ಲಿಯೇಲ್ ನಿದ್ದೆಹೋಗಿದ್ದ. ಬಾಯಿ ಅರ್ಧ ತೆರೆದಿತ್ತು. ಅಕ್ಕಪಕ್ಕದವರು ಕರುಣೆಯಿಂದ ಸರಿದು ಅವನಿಗೆ ಜಾಗ ಮಾಡಿಕೊಟ್ಟಿದ್ದರು. ಒಬ್ಬನಂತೂ ತುಟಿಯ ಮೇಲೆ ಬೆರಳಿಟ್ಟು, ಓದು ಓದು ಎಂದು ಸನ್ನೆ ಮಾಡಿದ.

ಯೆಕುತಿಯೇಲ್ ಪುಸ್ತಕ ಬಿಟ್ಟು, ಬೆಂಚುಗಳ ನಡುವೆ ಕಾಲೆಳೆದುಕೊಂಡು ಹಿಂದಕ್ಕೆ ನಡೆದ. ಹಿಟ್ಟು ಮೆತ್ತಿದ ಭುಜವನ್ನು ಹಿಡಿದು ಅಲ್ಲಾಡಿಸಿದ.

"ಏಳಯ್ಯ ಗಮ್ಲಿಯೇಲ್. ಇದನ್ನ ಕೇಳಿಸ್ಕೊಂಡು ಆಮೇಲೆ ಮಲಗು."