ಭಾನುವಾರದ ಜಗಳ

ಬಾಗಿಲು ಉಸ್ಸೆಂದು ಮುಚ್ಚಿಕೊಂಡಿತು, ಎಮ್ಮೆ ಮಲಗುವಾಗ ಬಿಡುತ್ತದಲ್ಲ ಆ ಉಸಿರು, ಈ ಪರದೇಶದ ಊರಿನಲ್ಲಿ ಬಸ್ಸಿಗೆ ಮಾತ್ರ ಬಾಯಿದೆ, ಜನಕ್ಕಿಲ್ಲ, ಇಷ್ಟು ಜನ ಕೂತಿದ್ದಾರೆ ಒಬ್ಬರಾದರೂ ಕೆಮ್ಮಬಾರದೆ, ಸತ್ತವರ ಮನೆಯಲ್ಲೂ ಇದಕ್ಕಿಂತ ಗದ್ದಲ ಇರುತ್ತದೆ — ಅವಳು ಕಿಟಕಿಯ ಕಡೆಗೆ ಸರಿದಳು, ಗಂಡ ಪಕ್ಕದಲ್ಲಿ ಕೂತ, ಮೊಣಕಾಲ ಮೇಲೆ ಟೋಪಿ, ಟೋಪಿಯ ಮೇಲೆ ಎರಡೂ ಕೈ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾದು ಕೂತವನ ಹಾಗೆ. ಇವತ್ತು ಬಿಡಬಾರದು. ಶುಕ್ರವಾರದಿಂದ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದ್ದಾಳೆ. ಅವನು ಸ್ನಾನಕ್ಕೆ ಹೋಗಿದ್ದಾಗ ಬಂದ ಫೋನು, ಅವನ ಜೊತೆ ಕೆಲಸ ಮಾಡುವ ನಮ್ಮ ಕಡೆಯ ವೆಲ್ಡರು, ಅಕ್ಕಾ ಒಳ್ಳೇ ಸುದ್ದಿ, ಭಾವ ಇನ್ನೂ ಮೂರು ವರ್ಷ ಇರ್ತೀನಿ ಅಂತ ಸಾಹೇಬರಿಗೆ ಹೇಳಿಬಿಟ್ರಂತೆ, ನಿಮಗೆ ಗೊತ್ತೇ ಇರುತ್ತಲ್ಲ — ಗೊತ್ತು ಕಣಪ್ಪ, ಗೊತ್ತಿಲ್ದೆ ಏನು, ಎಂದಳು ಮರ್ಯಾದೆ ಉಳಿಸಿಕೊಳ್ಳಲು, ಎನ್ನುತ್ತಲೇ ಬೀರುವಿನ ಮೇಲಿಂದ ಆಗಲೇ ಇಳಿಸಿಟ್ಟಿದ್ದ ಸೂಟ್‌ಕೇಸನ್ನು ನೋಡಿದಳು, ಇನ್ನೆರಡು ತಿಂಗಳಿಗೆ ಅವನ ಕೆಲಸದ ಕರಾರು ಮುಗಿಯುತ್ತದೆ, ಊರಿಗೆ ಹೋಗುತ್ತೇವೆ, ಮಗಳಿಗೆ ಉಣ್ಣೆ ಅಂಗಿ, ನಾದಿನಿಗೆ ಕತ್ತರಿ, ಎಲ್ಲ ಮಡಿಸಿ ಇಟ್ಟಾಗಿದೆ. ತಲೆ ಒರೆಸುತ್ತ ಬಂದು ಯಾರದು ಫೋನು ಎಂದ. ಯಾರೂ ಇಲ್ಲ. ಮನೆಯಲ್ಲಿ ಕೇಳುವ ಹಾಗಿಲ್ಲ, ಕೇಳಿದರೆ ಗಂಟಲು ಏರುತ್ತದೆ, ಏರಿದರೆ ಕೆಳಗೆ ದೊಣ್ಣೆ ಅಜ್ಜಿ ಇದ್ದಾಳೆ.

ದೊಣ್ಣೆ ಅಜ್ಜಿ ಎಂದು ಹೆಸರಿಟ್ಟವನು ಅವನೇ. ಕೆಳಗಿನ ಮನೆಯ ಮುದುಕಿ, ಬಾಡಿಗೆಗೆ ಕೊಟ್ಟವಳು, ಕುಕ್ಕರು ಕೂಗಿದರೆ ಕೋಲಿನಿಂದ ತನ್ನ ಮಾಳಿಗೆಗೆ ಕುಟ್ಟುವಳು, ಟಕಟಕ, ಇವರ ಪಾದಕ್ಕೇ ಬಡಿದ ಹಾಗೆ. ಕುಕ್ಕರು ಬಿಟ್ಟು ಪಾತ್ರೆಯಲ್ಲಿ ಬೇಯಿಸಿದ್ದಾಯಿತು, ಗಂಟಲನ್ನು ಎಲ್ಲಿ ಬಿಡುವುದು, ಊರಿನಲ್ಲಿ ಇವಳು ಹಿತ್ತಲಲ್ಲಿ ನಿಂತು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿದ್ದ ಗಂಡ ಬೀಡಿ ಎಸೆಯುತ್ತಿದ್ದ, ಆ ಗಂಟಲು ಇದು. ಹಾಗಾಗಿ ಬಸ್ಸು. ಮೊದಲ ಸಲ ತಾನಾಗಿ ಆದದ್ದು, ಗ್ರೀಸು ಮೆತ್ತಿದ ಪ್ಯಾಂಟಿನ ಜೊತೆ ಇವಳ ಹೊಸ ಲಂಗವನ್ನು ಮೆಷಿನ್ನಿಗೆ ಹಾಕಿದ್ದ, ಬಸ್ಸಿನಲ್ಲಿ ಶುರು ಮಾಡಿದಳು, ಹಲ್ಲು ಕಾಣೋ ಹಾಗೆ ಬೈಯೇ ಮಾರಾಯ್ತಿ, ಎಲ್ಲ ನೋಡ್ತಿದ್ದಾರೆ, ಎಂದ. ಇವಳು ಹಲ್ಲು ಕಾಣುವ ಹಾಗೆ, ದೇವರ ಮುಂದೆ ಮಂತ್ರ ಹೇಳುವ ದನಿಯಲ್ಲಿ, ಕತ್ತೆ ಎಂದಳು. ಅವನೂ ನಗುತ್ತಲೇ, ನಿಮ್ಮಪ್ಪ ನೋಡಿ ಆರಿಸಿದ ಕತ್ತೆ, ಎಂದ. ನಿಜವಾಗಿಯೇ ನಗು ಬಂತು, ಇಳಿಯುವ ಕಡೆ ಇಳಿಯದೆ ಕೊನೆಯ ಸ್ಟಾಪಿನವರೆಗೆ ಹೋದರು, ಯಾರೋ ಆಟವಾಡಿ ಬಿಟ್ಟುಹೋದ ಚೆಂಡೊಂದು ಬಿದ್ದಿದ್ದ ಮೈದಾನ ನೋಡಿ ಅದೇ ಬಸ್ಸಿನಲ್ಲಿ ವಾಪಸ್ಸು. ಅಂದಿನಿಂದ ಭಾನುವಾರ ಬಂದರೆ ಜಗಳದ ಸವಾರಿ, ವಾರವಿಡೀ ಕೂಡಿಟ್ಟು ತರುತ್ತಾಳೆ, ಇಲ್ಲದಿದ್ದರೆ ವಾರದಲ್ಲಿ ಏನಿದೆ, ಹೋಟೆಲಿನ ಹಾಸಿಗೆ ಬಟ್ಟೆ ಮಡಿಸುವ ಕೆಲಸ, ಆ ತುದಿ ಒಬ್ಬ ಹೆಂಗಸು ಈ ತುದಿ ಇವಳು, ಹತ್ತಿರ ಬರುತ್ತಾರೆ, ಬೆರಳಿಗೆ ಬೆರಳು ತಾಕುತ್ತದೆ, ದೂರ ಹೋಗುತ್ತಾರೆ, ಮಾತಿಲ್ಲ, ಇನ್ನೊಂದು ಬಟ್ಟೆ. ಸಂಜೆ ಅವನು ಬರುತ್ತಾನೆ, ಮಾಂಸ ಮೀನು ಇಡುವ ದೊಡ್ಡ ಶೈತ್ಯಾಗಾರದ ಯಂತ್ರ ರಿಪೇರಿ, ದಿನವಿಡೀ ಮಂಜುಗಡ್ಡೆಯ ಹೊಟ್ಟೆಯೊಳಗೆ, ಕೆಳತುಟಿ ನಡುವೆ ಸೀಳಿಬಿಟ್ಟಿದೆ, ಬೆಣ್ಣೆ ಹಚ್ತೀನಿ ಬನ್ನಿ ಎಂದರೆ ಬೇಡ ಎನ್ನುತ್ತಾನೆ, ಮಲಗಿದ ಮೇಲೆ ಇವಳು ಬೆರಳಲ್ಲಿ ಹಚ್ಚುತ್ತಾಳೆ, ಮರುದಿನ ಮತ್ತೆ ಸೀಳು.

ಆಸ್ಪತ್ರೆಯ ತಿರುವು ದಾಟಿತು, ಇನ್ನು ರಸ್ತೆ ನೇರ. ಮೂರು ವರ್ಷ ಅಂತೆ, ಎಂದಳು, ಹಲ್ಲು ಕಾಣುವ ಹಾಗೆ. ಯಾರು ಹೇಳಿದ್ರು. ಗಾಳಿ ಹೇಳ್ತು. ನಾನೇ ಹೇಳೋಣ ಅಂತಿದ್ದೆ. ಯಾವಾಗ, ವಿಮಾನ ಹೋದ್ಮೇಲಾ, ಕಟ್ಕೊಂಡೋಳು ಅಂದ್ರೆ ನಿಮಗೇನು ಗೋಡೆ ಮೇಲಿನ ಕ್ಯಾಲೆಂಡರಾ, ಬೇಕಾದಾಗ ತಿರುವಿ ನೋಡೋಕೆ — ಚೆನ್ನಾಗಿ ಬಂತು ಅನ್ನಿಸಿತು, ಇನ್ನು ಅವನ ಸರದಿ, ಅವನು ಇವಳಪ್ಪನನ್ನು ಎಳೆದು ತರಬೇಕು, ಇವಳು ಅವನ ಅಕ್ಕನನ್ನು. ಅವನು ಯಾರನ್ನೂ ತರಲಿಲ್ಲ. ನೀನು ಹೋಗು, ಎಂದ, ಮಗಳ ಜೊತೆ ಇರು, ನಾನು ಇಲ್ಲೇ ಇರ್ತೀನಿ. ಯಾಕೆ. ಇಲ್ಲಿ ಕಿವಿ ತಣ್ಣಗಿದೆ ಕಣೇ.

ಕಿವಿ ತಣ್ಣಗೆ, ಊರಿನಲ್ಲಿ ಇವನ ಕಿವಿ ಕಾಯಿಸುವವರು ಯಾರು, ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಮೈದುನ ಬಾಯಿ ಸತ್ತವನು, ಮಗಳು ಅಪ್ಪನಿಗೆ ಎದುರಾಡಿದವಳಲ್ಲ, ಮತ್ತೆ ಯಾರು ಉಳಿದರು — ಒಲೆಯ ಮುಂದೆ ಒಬ್ಬಳು, ಹಿತ್ತಲಲ್ಲಿ ಒಬ್ಬಳು, ಬಾಗಿಲಲ್ಲಿ ಒಬ್ಬಳು, ಎಲ್ಲ ಇವಳೇ. ಹಾಗಾದರೆ ಇವನಿಗೆ ಈ ಸವಾರಿ ಆಟವಲ್ಲ, ಇವಳ ದನಿ ಇಳಿದದ್ದೇ ಹಬ್ಬ. ಅಥವಾ ತಮಾಷೆಯೋ. ಊರಿನಲ್ಲಾಗಿದ್ದರೆ ಗೊತ್ತಾಗುತ್ತಿತ್ತು, ಸುಳ್ಳಾದರೆ ಅವನ ದನಿ ಮೂಗಿಗೆ ಹೋಗುತ್ತಿತ್ತು, ಸಿಟ್ಟಾದರೆ ಕೊನೆಯ ಅಕ್ಷರ ಒಡೆಯುತ್ತಿತ್ತು, ಅಡುಗೆಮನೆಯಿಂದಲೇ ಹೇಳುತ್ತಿದ್ದಳು ಇವತ್ತು ಉಣ್ಣುತ್ತಾನೋ ಇಲ್ಲವೋ ಎಂದು, ಈ ಬಸ್ಸಿನ ದನಿಗೆ ಮೂಗಿಲ್ಲ ಕೊನೆಯಿಲ್ಲ, ಕತ್ತೆ ಅಂದರೂ ಒಂದೇ ಅಳತೆ, ಹೋಗು ಅಂದರೂ ಒಂದೇ ಅಳತೆ, ಇಬ್ಬರೂ ಕೂತು ತಿದ್ದಿ ತೀಡಿ ಮಾಡಿಕೊಂಡ ದನಿ. ಕೂಗಬೇಕು, ಇಡೀ ಬಸ್ಸು ಎದ್ದು ನಿಲ್ಲಬೇಕು, ಚಾಲಕ ಬ್ರೇಕು ಒತ್ತಬೇಕು, ಆಗ ಅವನೂ ಕೂಗುತ್ತಾನೆ, ಆಗ ಗೊತ್ತಾಗುತ್ತದೆ. ಬಾಯಿ ತೆರೆದಳು. ರೀ, ನಿಜ ಹೇಳ್ತಿದ್ದೀರಾ — ಬಂದದ್ದು ಅಷ್ಟೇ, ಅದೇ ಮಂತ್ರದ ದನಿ, ಹಲ್ಲು ತಾವಾಗಿ ಕಂಡವು. ಎದುರು ಸೀಟಿನ ಹೆಂಗಸು ಇಬ್ಬರನ್ನೂ ನೋಡಿ, ಎಷ್ಟು ಅನ್ಯೋನ್ಯ ಎನ್ನುವ ಹಾಗೆ ತಲೆ ವಾಲಿಸಿ ನಕ್ಕಳು, ಅವನು ಅವಳಿಗೂ ನಕ್ಕ, ಇವಳಿಗೂ ನಕ್ಕ, ನಗೆ ಅಗಲವಾಯಿತು, ತುಟಿ ಸೀಳಿತು, ಸೀಳಿನ ನಡುವೆ ಒಂದು ಹನಿ ರಕ್ತ ಎದ್ದು ದುಂಡಗೆ ನಿಂತಿತು, ನೋಯುವುದಿಲ್ಲವೇ, ಒರೆಸಿಕೊಳ್ಳುತ್ತಿಲ್ಲ, ಇನ್ನೂ ನಗುತ್ತಿದ್ದಾನೆ, ಸೀಳಿದ ತುಟಿ, ಕೆಂಪು ಹನಿ, ಇನ್ನೂ ನಗು, ಸೀಳಿದ ತುಟಿ